ದ್ರಾಕ್ಷಿ ಲೈನ್

"ನಮ್ಮ ಸುದ್ದಿ ವ್ಯಾಪಾರಿಗೆ ಮುಟ್ಟಿಸಾಂವ ಹೊರಗಿನಾಂವ ಅಲ್ಲ, ನಮ್ಮೊಳಗ ಅದಾನ," ಎಂದಳು ಗೌರಾಬಾಯಿ ಫೋನಿನಲ್ಲಿ.

ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕುಳಿತಿದ್ದ ಅಕ್ಕುತಾಯಿ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಲೈನು ಜೋಡಿಸಿದ ಮೇಲೆ ಆಪರೇಟರ್ ಕೇಳುತ್ತ ಕೂರಬಾರದು. ಅವಳು ಎರಡು ವರ್ಷದಿಂದ ಕೇಳುತ್ತಲೇ ಇದ್ದಳು.

ಎಂಬತ್ತರ ದಶಕದ ನಡುವಿನ ಮಾತು. ಅಥಣಿ ಕಡೆಯ ಆ ಸಣ್ಣ ಊರಿಗೆ ದ್ರಾಕ್ಷಿ ಆಗಿನ್ನೂ ಹೊಸದು. ಬಳ್ಳಿಗೆ ರೋಗ ತಗುಲಿದರೆ ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಅದಕ್ಕೇ ನಾಲ್ವರು ಬೆಳೆಗಾರರು ದಿನಾ ಬೆಳಿಗ್ಗೆ ಫೋನಿನಲ್ಲಿ ಸೇರುತ್ತಿದ್ದರು. ನಾಲ್ಕು ತೋಟದ ಮನೆಗಳ ಲೈನುಗಳನ್ನು ಅಕ್ಕುತಾಯಿ ಒಂದಕ್ಕೊಂದು ಜೋಡಿಸಿಕೊಡುತ್ತಿದ್ದಳು. ಊರಿನವರು ಅದಕ್ಕೆ ದ್ರಾಕ್ಷಿ ಲೈನ್ ಎಂದು ಹೆಸರಿಟ್ಟಿದ್ದರು.

ಅದನ್ನು ಶುರು ಮಾಡಿದವನು ಬಿ.ಎಸ್ಸಿ. ಓದಿದ ಧರೆಪ್ಪ. ಅವನ ಕಟ್ಟಳೆ ಗಟ್ಟಿ: ರೋಗ, ಔಷಧ, ಹವೆ. ಬೇರೆ ಮಾತು ಬೇಡ.

"ಬಿಳಿ ಪುಡಿ ಎಲಿ ಮ್ಯಾಲ ಐತೋ, ಕೆಳಗ ಐತೋ? ಅಷ್ಟ ಹೇಳ್ರಿ," ಎನ್ನುತ್ತಿದ್ದ. ಮೇಲಿದ್ದರೆ ಗಂಧಕ, ಕೆಳಗಿದ್ದರೆ ಮೈಲುತುತ್ತ ಮತ್ತು ಸುಣ್ಣ. ಹಿಂದಿನ ವರ್ಷ ಗೌರಾಬಾಯಿಯ ತೋಟ ಉಳಿದದ್ದು ಈ ಒಂದು ಪ್ರಶ್ನೆಯಿಂದ.

ಬಾಬಾಸಾಹೇಬನಿಗೆ ಮಾತ್ರ ಎಲೆಗಿಂತ ಮನುಷ್ಯರೇ ಮುಖ್ಯ.

"ಎಲಿ ಹಾಳಾಗಿ ಹೋಗಲಿ ವೈನಿ, ನಿಮ್ಮ ಮಂಡಿ ನೋವು ಹ್ಯಾಂಗೈತಿ? ಮಗಳಿಗೆ ಗಂಡು ಗೊತ್ತಾತೇನು?" ಗೌರಾಬಾಯಿ ಉತ್ತರಿಸುವಷ್ಟರಲ್ಲಿ ಅವನು ನೇಮಿನಾಥನ ಕಡೆ ಹೊರಳುತ್ತಿದ್ದ. "ನೇಮಣ್ಣಾ, ನಿನ್ನ ಎಮ್ಮಿ ಈದೈತೋ, ಇಲ್ಲಾ ನಿನ್ನಂಗ ಬರೇ ಹೊಟ್ಟಿ ಬೆಳಸೇತೋ?"

ಲೈನು ತುಂಬ ನಗು. ಧರೆಪ್ಪನಿಗೆ ಸಿಟ್ಟು.

"ಇದೇನ ಚಾದಂಗಡಿ ಅಲ್ಲ. ನಾ ಇಡ್ತೀನಿ."

ಇಡುತ್ತಿರಲಿಲ್ಲ. ರಿಸೀವರ್ ಇಟ್ಟರೆ ಬೋರ್ಡಿನಲ್ಲಿ ಆ ಲೈನಿನ ದೀಪ ಹೊತ್ತಬೇಕು. ಧರೆಪ್ಪನದು ಹೊತ್ತುತ್ತಿರಲಿಲ್ಲ. ಮನೆಮಾತು ಮುಗಿಯುವ ತನಕ ಅವನು ಸದ್ದಿಲ್ಲದೆ ಕೇಳುತ್ತಿದ್ದ. ಎಮ್ಮೆಯ ಮಾತಿಗೆ ಸಣ್ಣಗೆ ನಕ್ಕದ್ದೂ ಒಮ್ಮೆ ಅಕ್ಕುತಾಯಿಗೆ ಕೇಳಿಸಿತ್ತು.

ಅವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ತೋಟದ ಮನೆಯಲ್ಲಿ ಒಬ್ಬನೇ. ನಿಪ್ಪಾಣಿಯಿಂದ ವರ್ಗವಾಗಿ ಬಂದ ಅಕ್ಕುತಾಯಿಯ ಬಾಡಿಗೆ ಖೋಲಿಯಲ್ಲೂ ಊಟವಾಯಿತೇ ಎನ್ನುವವರಿರಲಿಲ್ಲ. ಹೊರಗೆ ಬಿಗಿಯಾಗಿದ್ದು ಒಳಗೊಳಗೇ ಇನ್ನೊಬ್ಬರ ನಗುವಿಗೆ ಕಾಯುವುದು ಎಂಥದೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವನ ಗುಟ್ಟನ್ನು ತನ್ನದೆಂಬಂತೆ ಕಾಪಾಡಿಕೊಂಡಿದ್ದಳು.

ಕೆಟ್ಟದ್ದು ಈ ಸುಗ್ಗಿಯಲ್ಲಿ. ನೇಮಿನಾಥ ಮಗನ ಆಪರೇಷನ್ ಮಾತು ಲೈನಿನಲ್ಲಿ ಹೇಳಿದ್ದೇ ತಡ, ಸಾಂಗ್ಲಿಯ ವ್ಯಾಪಾರಿ ತೋಟಕ್ಕೆ ಬಂದು, "ನಿಮಗ ಅರ್ಜೆಂಟ್ ಐತೆಲ್ಲ," ಎಂದು ದರ ಮುರಿದು ಕುಳಿತ. ಮಾಗಿದ ಹಣ್ಣು ಬಳ್ಳಿಯಲ್ಲಿ ಕಾಯುವುದಿಲ್ಲ, ನೇಮಿನಾಥ ಕೊಟ್ಟುಬಿಟ್ಟ. ಒಳ್ಳೆಯ ದರ ಕುದುರಿದ್ದು ಧರೆಪ್ಪನೊಬ್ಬನಿಗೇ. ಓದಿದವನ ಹಣ್ಣೇ ಬೇರೆ ಎಂದರು ಜನ.

"ಮನಿ ಮಾತು ಕೆದಕಿ ಕೆದಕಿ ಕೇಳಾಂವ ಯಾರು?" ಈಗ ಲೈನಿನಲ್ಲಿ ನೇಮಿನಾಥನೇ ಬಾಯಿ ಬಿಟ್ಟ.

"ಏ ನೇಮಣ್ಣಾ! ನನ್ನ ಮ್ಯಾಲ ಸಂಶೇನೋ?" ಬಾಬಾಸಾಹೇಬ ಕೂಗಿದ. "ಧರೆಪ್ಪ ಇರೂದಿಲ್ಲೇನು ಲೈನಿನ್ಯಾಗ?"

"ಆ ಮಾತು ಶುರು ಆಗೂದಕ್ಕ ನಾ ಇಟ್ಟಿರತೀನಿ," ಎಂದ ಧರೆಪ್ಪ.

ಗೌರಾಬಾಯಿ ಫೋನಿನ ಕೊಕ್ಕೆ ತಟ್ಟಿ ಆಪರೇಟರನ್ನು ಕರೆದಳು. "ಅಕ್ಕುತಾಯಿ, ನಿನಗ ಬೋರ್ಡಿನ್ಯಾಗ ಗೊತ್ತಾಗತೈತಲ್ಲವ್ವಾ. ಖರೇ ಹೇಳು. ನಾವು ಮನಿ ಮಾತು ಆಡೂವಾಗ ಧರೆಪ್ಪ ಇಟ್ಟಿರತಾನೋ ಇಲ್ಲೋ?"

ಇಡುವುದಿಲ್ಲ ಎಂದರೆ ನಾಲ್ಕು ಜನರ ಮುಂದೆ ಆ ಮನುಷ್ಯನ ಮಾನ ಏನಾದೀತು?

"ಇಟ್ಟಿರತಾರ್ರಿ. ದೀಪಾ ಹತ್ತತೈತಿ."



"ನಾ ನಿಮ್ಮನ್ನ ಮನಿಯವರಂತ ತಿಳಕೊಂಡಿದ್ದೆ, ವೈನಿ," ಎಂದು ಬಾಬಾಸಾಹೇಬ ಫೋನಿಟ್ಟ. ನಾಳೆಯಿಂದ ಅವನ ಲೈನು ಕೂಡಿಸಬೇಡವೆಂದು ಉಳಿದವರು ಅಕ್ಕುತಾಯಿಗೆ ಹೇಳಿದರು.

ಮರುದಿನ ಬೆಳಿಗ್ಗೆ ಮೂರೇ ದನಿ. ಔಷಧದ ಮಾತು ಬೇಗ ಮುಗಿಯಿತು. ಗೌರಾಬಾಯಿ ಮಗಳ ವಿಷಯ ಎತ್ತಿದಳು. "ನಾ ಇಡ್ತೀನಿ," ಎಂದ ಧರೆಪ್ಪ. ಎಂದಿನಂತೆ ಇಡಲಿಲ್ಲ. ಇರಲಿ, ಕೇಳಲಿ ಎಂದುಕೊಂಡಳು ಅಕ್ಕುತಾಯಿ.

"ಈಗ ನಂಬಿಗಿಯವರ ಉಳದೇವಿ, ಹೇಳ್ತೀನಿ," ಗೌರಾಬಾಯಿ ದನಿ ತಗ್ಗಿಸಿದಳು. "ಮದವಿ ಗಟ್ಟಿ ಆತು ನೇಮಣ್ಣಾ. ಗಂಡಿನವರು ಭಾಳ ಅವಸರಾ ಮಾಡಾಕತ್ತಾರ. ಈ ವಾರದಾಗ ಹಣ್ಣ ಹೋಗಿ ರೊಕ್ಕಾ ಬರಲಿಲ್ಲಂದ್ರ ಮದವಿ ಮುರದಂಗ. ವ್ಯಾಪಾರಿ ಕಿವಿಗೆ ಬಿದ್ದರ ನಾ ಸತ್ತಂಗ ನೋಡು."

"ನನ್ನ ಬಾಯಾಗಿಂದ ಹೋಗೂದಿಲ್ಲ, ವೈನಿ," ಎಂದ ನೇಮಿನಾಥ.

ಅಂದು ಮಧ್ಯಾಹ್ನದ ಆಪರೇಟರ್ ಬರಲಿಲ್ಲ. ಬೆಳಗಿನ ಪಾಳಿಯನ್ನಷ್ಟೇ ಮಾಡಿ ಗೊತ್ತಿದ್ದ ಅಕ್ಕುತಾಯಿಯೇ ಕೂರಬೇಕಾಯಿತು. ಊರು ಮಲಗಿದಂತಿತ್ತು. ಅಷ್ಟರಲ್ಲಿ ಸಾಂಗ್ಲಿಯಿಂದ ಟ್ರಂಕ್ ಕಾಲ್ ಬಂತು, ಧರೆಪ್ಪನ ನಂಬರಿಗೆ. ಅವನನ್ನೂ ದೂರದಿಂದ ನೆನೆಸುವವರು ಇದ್ದಾರಲ್ಲ ಎಂದು ಅವಳಿಗೆ ಹಿತವಾಯಿತು. ಲೈನು ಜೋಡಿಸಿದಳು. ಹೆಡ್‌ಫೋನು ತೆಗೆಯಲಿಲ್ಲ.

"ಮುಂಜಾನೆ ಎಲ್ಲಾ ಕೇಳೇನ್ರಿ ಶೇಠ್‌ಜಿ," ಧರೆಪ್ಪ ನಗುತ್ತಿದ್ದ, "ಗೌರಾಬಾಯಿ ಮಗಳ ಮದವಿ ಕುತ್ತಿಗಿಗೆ ಬಂದೈತಿ, ನಾಳೆನ ಹೋಗಿ ಅರ್ಧಾ ರೇಟ್ ಹೇಳ್ರಿ, ಕೊಟ್ಟಬಿಡತಾಳ, ನನ್ನ ಮಾಲಿಗೆ ಮಾತ್ರ ಮಾತಾಡಿದ ರೇಟ್ ಮರೀಬ್ಯಾಡ್ರಿ."