ಫೋಟೋ ತೆಗೆದವರು

“ಎಲ್ಲದರಲ್ಲೂ ಇಬ್ಬರೂ ಗೇಟಿನ ಎರಡು ಕಂಬದ ಹಾಗೆ ನಿಂತಿದ್ದೀರಲ್ಲ,” ಅಂದರು ವಲಸೆ ಕಚೇರಿಯ ಮಹಿಳಾ ಅಧಿಕಾರಿ, ಹದಿನಾಲ್ಕು ಫೋಟೋಗಳನ್ನು ಮೇಜಿನ ಮೇಲೆ ಇಸ್ಪೀಟೆಲೆಯಂತೆ ಹರಡಿ. “ಮಧ್ಯೆ ಒಂದು ಲಾರಿ ಆರಾಮಾಗಿ ಹೋಗಬಹುದು.”

ಮೇಜಿನ ಈಚೆ ಗಂಡ, ಹೆಂಡತಿ. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಈ ದೇಶದಲ್ಲಿರಲು ವೀಸಾ ಸಿಕ್ಕಿದ್ದು ಅವಳ ಕೆಲಸಕ್ಕೆ. ಅವಳ ಗಂಡ ಅನ್ನುವ ಒಂದೇ ಅರ್ಹತೆಯ ಮೇಲೆ ಇವನಿಗೂ ಒಂದು. ಅದರ ನವೀಕರಣದ ವಿಚಾರಣೆ ಇವತ್ತು. ಇವನು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸಗಾರ. ಗೆಳೆಯರ ಬಾಯಲ್ಲಿ ದಂತ್ವಂತರಿ. ‘ಸಂಬಂಧ ಮುರಿದಿದೆ’ ಎಂದು ಇವತ್ತು ಫೈಲಿನಲ್ಲಿ ಒಂದು ಸಾಲು ಬಿದ್ದರೆ ಅರವತ್ತು ದಿನದೊಳಗೆ ದಂತ್ವಂತರಿ ಗಂಟುಮೂಟೆ ಕಟ್ಟಬೇಕು. ಅವಳು ಇರಬಹುದು. ಮೇಲ್ಮನೆಯವನೂ ಇರಬಹುದು. ಹೋಗಬೇಕಲ್ಲ ಅನ್ನುವುದಕ್ಕಿಂತ, ತಾನು ವಿಮಾನ ಹತ್ತಿದ ಸಂಜೆಯೇ ಅವನು ಮೆಟ್ಟಿಲಿಳಿದು ಬರುತ್ತಾನಲ್ಲ ಅನ್ನುವುದೇ ಇವನ ಹೊಟ್ಟೆ ಉರಿಸುತ್ತಿತ್ತು.

ಮೇಲ್ಮನೆಯವನು ಅಂದರೆ ಮೇಲಿನ ಮಹಡಿಯ ಬಾಡಿಗೆದಾರ, ಬಸ್ ಡ್ರೈವರ್. ಬೆನ್ನುನೋವು ಎಂದು ಒಂದು ದಿನ ಕೆಳಗೆ ಬಂದ. ನೋವು ಬಿಟ್ಟಿತು, ಅವನು ಬೆನ್ನು ಬಿಡಲಿಲ್ಲ. ಕೆಳಮನೆಯಲ್ಲಿ ಮಂಡನೆಯೇ ಆಗದ ನಗೆಯೆಲ್ಲ ಮೇಲ್ಮನೆಯಲ್ಲಿ ಅಂಗೀಕಾರವಾಗುತ್ತಿದೆ ಎಂಬ ಗುಮಾನಿ ದಂತ್ವಂತರಿಗೆ ಇತ್ತು. ಮಿಮಿಕ್ರಿಯಲ್ಲಿ ಎತ್ತಿದ ಕೈ ಇವನು. ಒಂದು ಬೆಳಿಗ್ಗೆ ಹೆಂಡತಿ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದಾಗ, ಹಿಂದಿನಿಂದ ಆ ಡ್ರೈವರನದೇ ಗೊಗ್ಗರು ದನಿ ತೆಗೆದ: “ಏನ್ ಡಾಕ್ಟ್ರೇ, ಇವತ್ತು ನನ್ನ ಬೆನ್ನು ವಿಚಾರಿಸಲ್ವಾ?”

ಅವಳು ತಿರುಗಿದಳು. ಹಲ್ಲೆಣಿಸುವುದು ಇವನ ಕಸುಬು. ಮೇಲೆ ಹತ್ತು, ಕೆಳಗೆ ಆರು, ಇಷ್ಟೂ ಕಾಣುವ ನಗೆ. ಮಾತಾಡಿದ್ದು ಗಂಡ ಎಂದು ತಿಳಿದ ಕೂಡಲೇ ತುಟಿ ಮುಚ್ಚಿಕೊಂಡಿತು. ಅವತ್ತೇ ಅವಳು ದಿಂಬು ಹೊದಿಕೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದದ್ದು. ಅದಾಗಿ ನಾಲ್ಕು ತಿಂಗಳು.

ಇವತ್ತು ಒಳಗೆ ಕರೆಯುವ ಮುಂಚೆ, ಹೊರಗಿನ ಬೆಂಚಿನ ಮೇಲೆ ಅವಳೇ ಮಾತೆತ್ತಿದ್ದಳು.

“ನೋಡು, ನಾನು ಸುಳ್ಳು ಹೇಳಲ್ಲ. ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಕೇಳದಿದ್ರೆ ಬಾಯಿ ಬಿಡಲ್ಲ. ಅಷ್ಟು ಮಾತ್ರ ನನ್ನ ಕೈಲಾಗೋದು.”

“ಇದಕ್ಕೆ ಮೇಲಿನವರ ಅಪ್ಪಣೆ ಆಗಿದ್ಯಾ?”

“ಹೊಟ್ಟೆಕಿಚ್ಚಿಗೂ ಒಂದು ವೀಸಾ ಅಂತ ಇದ್ದಿದ್ರೆ,” ಅಂದಳು ಅವಳು, ಎದುರಿನ ಗೋಡೆ ನೋಡುತ್ತ, “ನಿಂಗೆ ಯಾವತ್ತೋ ಕಾಯಂ ಆಗಿರೋದು.”

ಈಗ ಅಧಿಕಾರಿ ಕನ್ನಡಕ ಹಣೆಗೇರಿಸಿ ಫೋಟೋಗಳನ್ನೆಲ್ಲ ಗುಡ್ಡೆ ಮಾಡಿದರು. “ಮದುವೆ ಹಾಲಿನಲ್ಲಿ ಎಲ್ಲರೂ ನಗ್ತಾರೆ. ಸ್ಟುಡಿಯೋದಲ್ಲಿ ಫೋಟೋಗ್ರಾಫರ್ ಹೇಳಿ ನಗಿಸ್ತಾನೆ. ಮನೇಲಿ, ಸುಮ್ನೆ ಒಂದು ದಿನ, ಹಾಗೇ ತೆಗೆದದ್ದು ಒಂದೂ ಇಲ್ವಾ? ಇಲ್ಲಾಂದ್ರೆ ‘ತೃಪ್ತಿಕರವಲ್ಲ’ ಅಂತ ಬರೀಬೇಕಾಗುತ್ತೆ ನಾನು.” ಪೆನ್ನಿನ ಕ್ಯಾಪು ತೆಗೆದೇ ಬಿಟ್ಟರು.

ಹೆಂಡತಿ ಉಗುರು ನೋಡಿಕೊಳ್ಳುತ್ತಿದ್ದಳು. ದಂತ್ವಂತರಿ ಪರ್ಸು ತೆಗೆದು, ಅದರ ಒಳಪದರದಿಂದ ಎರಡು ಮಡಿಕೆಯ ಒಂದು ಫೋಟೋ ಎಳೆದು, ಮೇಜಿನ ಮೇಲೆ ಅಂಗೈಯಿಂದ ಉಜ್ಜಿ ನೇರ ಮಾಡಿದ. ಎರಡು ತಿಂಗಳ ಹಿಂದೆ ಅವಳ ಕೋಟಿನ ಜೇಬಿನಲ್ಲಿ ಸಿಕ್ಕಿದ್ದು. ಮುಖದ ಮೇಲೆ ಎಸೆದು ಜಗಳ ತೆಗೆಯುವ ದಿನಕ್ಕೆಂದು ಇಟ್ಟುಕೊಂಡಿದ್ದ. ಆ ದಿನವನ್ನು ದಿನಾ ಮುಂದೂಡುತ್ತ ಬಂದಿದ್ದ.

ಫೋಟೋದಲ್ಲಿ ಅವಳೊಬ್ಬಳೇ. ಒದ್ದೆ ಕೂದಲು, ಒಂದು ಕಾಲು ಮಡಿಸಿ ಕುರ್ಚಿಯಲ್ಲಿ ಕೂತಿದ್ದಾಳೆ, ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ. ಕ್ಯಾಮೆರಾ ಹಿಡಿದವನು ಏನೋ ಅಂದಿರಬೇಕು. ತಲೆ ಹಿಂದಕ್ಕೆ ಚೆಲ್ಲಿ, ಅವನನ್ನೇ ನೋಡುತ್ತ, ಬಾಯ್ತುಂಬ ನಗುತ್ತಿದ್ದಾಳೆ. ಹಿಂದೆ ಹಳದಿ ಚೌಕುಳಿಯ ಪರದೆ. ಅಂಥ ಪರದೆ ಇವರ ಮನೆಯ ಯಾವ ಕಿಟಕಿಯಲ್ಲೂ ಇಲ್ಲ.

ಹೆಂಡತಿ ಫೋಟೋ ನೋಡಿದಳು. ಮುಖದ ಬಣ್ಣ ಇಳಿಯಿತು. ಇವನ ಕಡೆ ತಿರುಗಲು ಹೊರಟ ಕತ್ತು ಅರ್ಧದಲ್ಲೇ ನಿಂತಿತು.

ಅಧಿಕಾರಿ ಮಾತ್ರ ಕನ್ನಡಕ ಇಳಿಸಿಕೊಂಡು ಅದನ್ನು ಬಹಳ ಹೊತ್ತು ನೋಡಿದರು. ಬೆಳಗಿನಿಂದ ಬಿಗಿದುಕೊಂಡಿದ್ದ ಅವರ ಮುಖವೂ ಸ್ವಲ್ಪ ಸಡಿಲವಾಯಿತು.

“ಇದನ್ನ ಮೊದಲೇ ಕೊಡೋದಲ್ವೇನ್ರೀ? ಯಾರು ತೆಗೆದದ್ದು?”

ಕೇಳಿಯಾಯಿತು. ಹೆಂಡತಿ ಉಸಿರೆಳೆದುಕೊಂಡು ಬಾಯಿ ತೆರೆದಳು.

“ನಾನೇ,” ಅಂದ ದಂತ್ವಂತರಿ.

ಅವಳ ಬಾಯಿ ತೆರೆದೇ ಇತ್ತು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬಂದಾಗಿತ್ತು. ಅವಳನ್ನು ಬೇರೆ ಯಾರೂ ಏನೂ ಕೇಳಲಿಲ್ಲ. ಮೆಲ್ಲಗೆ ಬಾಯಿ ಮುಚ್ಚಿದಳು.

“ಹಿಂದುಗಡೆ ಬರೆದು ಸಹಿ ಮಾಡಿ. ಇದು ನಮ್ಮ ಫೈಲಿಗೆ.”

ಫೋಟೋ ಮಗುಚಿ, ‘ತೆಗೆದವರು: ಗಂಡ’ ಎಂದು ಬರೆದ. ‘ಗಂಡ’ ಸೊಟ್ಟಗಾಯಿತು; ಅದರ ಮೇಲೆಯೇ ಇನ್ನೊಮ್ಮೆ ತೀಡಿದ. ಅಧಿಕಾರಿ ಮುದ್ರೆ ಒತ್ತಿದರು, ಪಕ್ಕದಲ್ಲಿ ‘ಮೂರು ವರ್ಷ’ ಎಂದು ಗೀಚಿದರು, ಕಾಗದ ಮುಂದಕ್ಕೆ ಸರಿಸುತ್ತ ಮೊದಲ ಸಲ ನಕ್ಕರು.

“ಇಪ್ಪತ್ತು ವರ್ಷದಿಂದ ಸುಳ್ಳು ಗಂಡ ಹೆಂಡ್ತೀರನ್ನ ನೋಡ್ತಾ ಬಂದಿದ್ದೀನಿ. ಈ ಮುಖ ನಟನೆಯಿಂದ ಬರೋದಲ್ಲ ಬಿಡಿ. ಈ ಫೋಟೋ ತೆಗೆದವನ ಮೇಲೆ ಇವರಿಗೆ ಎಷ್ಟು ಪ್ರೀತಿ ಇದೆ ಅಂತ ಎಂಥವರಿಗೂ ಗೊತ್ತಾಗುತ್ತೆ.”

“ಗೊತ್ತಾಗುತ್ತೆ ಮೇಡಂ,” ಅಂದ ದಂತ್ವಂತರಿ, ಕಾಗದಕ್ಕೆ ಎರಡೂ ಕೈ ಚಾಚುತ್ತ.