ಹಿಮ್ಮುಖವಾಗಿ ಬಂದ ಬಕ್ಷಿ

ಮಂತ್ರ ಹಾಕಿ ರೋಗ ಬಿಡಿಸುವ ಬಕ್ಷಿ ಹಿಮ್ಮುಖವಾಗಿ ಮನೆಯೊಳಗೆ ಬಂದಳು. ಹೊಸ್ತಿಲು ಎಡವಿದಳು, ಹಾಲಿನ ಬಕೀಟಿನೊಳಗೆ ಒಂದು ಕಾಲಿಟ್ಟಳು. ಅದೂ ಚಿಕಿತ್ಸೆಯೇ ಎಂಬಂತೆ "ಹೂಂ!" ಎಂದು ಗುಡುಗಿದಳು. ತಲೆಯಿಂದ ಇಳಿಬಿಟ್ಟ ಮಣಿಸರಗಳ ಹಿಂದೆ ಅವಳ ಮುಖವೇ ಕಾಣುತ್ತಿರಲಿಲ್ಲ.

ಬೆಗಾಯಿಂ ನಗು ತಡೆಯಲು ತುಟಿ ಕಚ್ಚಿಕೊಂಡಳು. ಇದು ನಾಟಕವೆಂದು ಮನೆಯಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ. ಅತ್ತೆ ಉರ್ಕುಯಾ ಎದೆಯ ಮೇಲೆ ಕೈಯಿಟ್ಟು ಗಂಭೀರವಾಗಿ ನಿಂತಿದ್ದರು.

ಬೆಗಾಯಿಂಳ ಮಗ ತಿಲೆಕ್‌ಗೆ ಐದು ವರ್ಷ. ಅವನ ಎದೆ ಚಹಾದ ಕೆಟಲಿನಂತೆ ಸಿಳ್ಳೆ ಹಾಕುತ್ತಿತ್ತು. ಸಾಲದ್ದಕ್ಕೆ, ಆಕ್ರೋಟಿನ ಕಾಡಿನ ನಡುವೆ ಹುಟ್ಟಿದ ಹುಡುಗನಿಗೆ ಆಕ್ರೋಟೇ ಆಗದು. ಒಂದು ಚೂರು ತಿಂದರೆ ತುಟಿ ಊದಿ ಒಂಟೆಯ ತುಟಿಯಾಗುತ್ತಿತ್ತು. ಊರಿನವರ ಪ್ರೀತಿಯೋ ಜೇಬಿನಲ್ಲಿ ಸದಾ ಕುಲುಕುವ ಆಕ್ರೋಟಿನ ರೂಪದಲ್ಲೇ ಬರುವುದು. ಕೊಟ್ಟದ್ದನ್ನು ಬೇಡವೆಂದರೆ ಕೊಟ್ಟವರ ಮನಸ್ಸು ಮುರಿದಂತೆ. ಅತ್ತೆ ಕತ್ತೆಹಾಲು ಕುಡಿಸಿ ನೋಡಿದ್ದರು. ಬೆಟ್ಟದ ಆರ್ಚಾ ಮರದ ಸೊಪ್ಪಿನ ಹೊಗೆ ಹಾಕಿದ್ದರು. ಪಕ್ಕದ ಮನೆಯ ಹುಂಜವನ್ನು ತಂದು ಹುಡುಗನ ನೆತ್ತಿಯ ಮೇಲೆ ಕೂಗಿಸಲು ಹೊರಟಿದ್ದರು. ಹುಂಜ ಬಾಯಿ ಬಿಡಲಿಲ್ಲ. ಹುಡುಗನ ಉಸಿರು ಸಿಕ್ಕಿಕೊಂಡಾಗ ಪಟ್ಟಣದ ಆಸ್ಪತ್ರೆಗೆ ಹೊತ್ತುಕೊಂಡು ಓಡಬೇಕಾಯಿತು.

ಡಾಕ್ಟರು ಅತ್ತೆ-ಸೊಸೆಯನ್ನು ಎದುರು ಕೂರಿಸಿಕೊಂಡು ಹೇಳಿದ್ದರು: "ಆಕ್ರೋಟು ಹತ್ತಿರ ಸೇರಿಸಬೇಡಿ. ಈ ಇನ್‌ಹೇಲರ್ ಒಂದು ದಿನವೂ ತಪ್ಪಿಸಬೇಡಿ. ಅವನು ಮಲಗೋ ಕೋಣೆಯಲ್ಲಿರೋ ಹಳೇ ಉಣ್ಣೆ ರಜಾಯಿಗಳೆಲ್ಲ ಹೊರಗೆ ಹೋಗಲಿ. ಇನ್ನೊಂದು ಸಲ ಹೀಗಾದ್ರೆ ಇಲ್ಲಿಗೆ ತರೋಷ್ಟು ಹೊತ್ತು ಸಿಗಲಿಕ್ಕಿಲ್ಲ."

"ರಜಾಯಿ ಹೊರಗೆ ಹಾಕೋದಾ? ಕೇಳಿದೆಯಾ ಇವರ ಮಾತು!" ಅತ್ತೆ ಸೊಸೆಯ ಮುಖವನ್ನೊಮ್ಮೆ ನೋಡಿ ದಡಕ್ಕನೆ ಎದ್ದಿದ್ದರು.

ಆ ರಜಾಯಿಗಳು ಬೆಗಾಯಿಂಳ ತವರಿನವು. ಅವಳ ತಾಯಿ ಒಂದೊಂದನ್ನೂ ಕೈಯಾರೆ ಹೊಲಿದು ಮದುವೆಗೆ ಕೊಟ್ಟದ್ದು. ಗೋಡೆಗೆ ಒರಗಿಸಿ ಮಾಡಿನವರೆಗೂ ಒಟ್ಟಿದ್ದ ಆ ರಾಶಿಯೆದುರೇ ಅತ್ತೆ ಬಂದ ನೆಂಟರನ್ನು ಕೂರಿಸುತ್ತಿದ್ದರು. ಹೊಗಳುವವರೆಗೆ ಚಹಾ ಬಗ್ಗಿಸುತ್ತಿರಲಿಲ್ಲ. ಅಂಥವರಿಗೆ ಸೊಸೆಯಾದವಳು ಎದುರು ಮಾತಾಡುವುದುಂಟೇ? ಇನ್‌ಹೇಲರನ್ನೂ ಎಸೆದುಬಿಟ್ಟಾರೆಂದು ಅವಳು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ಕದ್ದುಮುಚ್ಚಿ ಕೊಡುವುದರಲ್ಲಿ ಅರ್ಧಕ್ಕರ್ಧ ದಿನ ತಪ್ಪಿಯೇ ಹೋಗುತ್ತಿತ್ತು.

ದಾರಿ ತೋರಿಸಿದ್ದು ಆಸ್ಪತ್ರೆಯ ನರ್ಸ್, ಗೆಳತಿ ಜಿಬೆಕ್. "ಡಾಕ್ಟರ್ ಮಾತು ಕೇಳದೋರು ಬಕ್ಷಿ ಮಾತು ಕೇಳ್ತಾರೆ ಕಣೇ. ನಮ್ಮ ಚಿಕ್ಕಮ್ಮ ಮದುವೆ ಮನೆಗಳಲ್ಲಿ ವೇಷ ಹಾಕ್ತಾಳೆ. ಗುರುವಾರ ಕಳಿಸ್ತೀನಿ, ನೋಡ್ತಿರು." ಹಾಗೆಂದವಳು ರಜೆ ಹಾಕಿ ಮನೆಯ ಕುರಿಮಂದೆಯ ಜೊತೆ ಫೋನ್ ಸಿಗದ ಬೇಸಿಗೆ ಹುಲ್ಲುಗಾವಲಿಗೆ ಹತ್ತಿಹೋದಳು.

ಬಕ್ಷಿ ಬಂದದ್ದು ಬುಧವಾರ. ವೇಷದವರಿಗೆ ಉತ್ಸಾಹ ಜಾಸ್ತಿ, ಎಂದುಕೊಂಡಳು ಬೆಗಾಯಿಂ.

ಬಕ್ಷಿ ಗಿರ್ರನೆ ತಿರುಗಿ ಕೈಯಲ್ಲಿದ್ದ ಚಾಟಿಯನ್ನು ರಜಾಯಿ ರಾಶಿಯತ್ತ ಚಾಚಿದಳು. "ಇಲ್ಲಿ ಕೂತಿದೆ!"

"ಏನು ಕೂತಿದೆ, ತಾಯಿ?" ಎಂದರು ಅತ್ತೆ.

"ಅದೇ... ಅದು..." ಬಕ್ಷಿ ತಡವರಿಸಿದಳು.

ಅತ್ತೆ ಕೆಮ್ಮಿದರು. "ಧೂಳಿನ ಪಿಶಾಚಿ ಏನಾದ್ರೂ...?"

"ಧೂಳಿನ ಪಿಶಾಚಿ! ಸಂಸಾರ ಸಮೇತ!"

ಪಾಪ, ತಾನಾಗಿಯೇ ಬಲೆಗೆ ಬಿದ್ದರು ಅತ್ತೆ. ರಂಪ ಮಾಡುತ್ತಾರೆಂದುಕೊಂಡರೆ ಮೊದಲ ರಜಾಯಿಗೆ ಕೈಹಾಕಿದ್ದೂ ಅವರೇ. ಒಂದೊಂದನ್ನೂ ಸವರಿ, ಮಡಿಸಿ, ಒಗೆದ ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರು.

ಬಕ್ಷಿ ನೆಟ್ಟಗೆ ಹಿಟ್ಟಿನ ಡಬ್ಬಿಗೆ ನಡೆದಳು. ಮೊಣಕೈವರೆಗೂ ಕೈ ತೂರಿಸಿ ಇನ್‌ಹೇಲರ್ ಹೊರತೆಗೆದಳು. "ಇದರಲ್ಲಿ ಒಳ್ಳೇ ಗಾಳಿ ಇದೆ. ಬೆಳಿಗ್ಗೆ, ಸಂಜೆ, ಅಜ್ಜಿಯ ಕಣ್ಣೆದುರೇ ಎಳೀಬೇಕು!"

ಬಚ್ಚಿಟ್ಟ ಜಾಗವನ್ನು ಜಿಬೆಕ್‌ಗೆ ಹೇಳಿದ್ದೆನೇ? ಹೇಳಿರಬೇಕು, ಎಂದುಕೊಂಡಳು ಬೆಗಾಯಿಂ.

ತಿಲೆಕ್‌ನ ಕೈಗೆ ಕೆಂಪು ದಾರ ಬಿತ್ತು. "ಈ ದಾರ ಇರೋನಿಗೆ ಆಕ್ರೋಟು ಕೊಟ್ಟವರ ಮನೆ ಹಸು ಬತ್ತಿಹೋಗುತ್ತೆ!" ಸಂಜೆಯೊಳಗೆ ಸುದ್ದಿ ಊರೆಲ್ಲ ಹರಡಿತು. ಪಕ್ಕದ ಮನೆಯ ತಾತನಂತೂ ಹುಡುಗ ಕಂಡರೆ ಸಾಕು, ಜೇಬು ಮುಚ್ಚಿಕೊಂಡು ಓಡುತ್ತಿದ್ದ.

ಹೊರಡುವ ಮುನ್ನ ಬಕ್ಷಿ ಬಾಗಿಲಲ್ಲಿ ತಿರುಗಿದಳು. "ಇನ್ನೊಂದು. ಈ ಮಗುವಿನ ತಾಯಿ ಸೂರ್ಯ ಹುಟ್ಟೋ ಮುಂಚೆ ಏಳಕೂಡದು."

ಮದುವೆಯಾದಾಗಿನಿಂದ ಬೆಗಾಯಿಂ ನಕ್ಷತ್ರಗಳಿರುವಾಗಲೇ ಏಳುತ್ತಿದ್ದಳು. ಈ ಮಾತು ಒಪ್ಪಂದದಲ್ಲಿರಲಿಲ್ಲ. ವೇಷದವಳಿಗೆ ತನ್ನ ಕಣ್ಣಿನ ಕೆಳಗಿನ ಕಪ್ಪು ಕಂಡಿರಬೇಕು. ಎಂಥ ಒಳ್ಳೆಯ ಹೆಂಗಸು!

"ಹಾಗಾದ್ರೆ ಹಸು ಕರೆಯೋರು ಯಾರು?" ಎಂದರು ಅತ್ತೆ.

"ನೀನೇ!"

"ಆಗಲಿ. ಬಕ್ಷಿ ಮಾತು ಮೀರೋಕಾಗುತ್ತಾ?"

ಆಕ್ರೋಟು ಉದುರುವ ಕಾಲಕ್ಕೆ ತಿಲೆಕ್‌ನ ಸಿಳ್ಳೆ ನಿಂತಿತ್ತು. ಈಗ ಅವನೇ ಆ ಹುಂಜವನ್ನು ಅಟ್ಟಿಸಿಕೊಂಡು ಓಡುತ್ತಿದ್ದ, ಹುಂಜಕ್ಕೇ ಏದುಸಿರು ಬರುತ್ತಿತ್ತು.

ಒಂದು ನಸುಕಿನಲ್ಲಿ ಫೋನ್ ಬಡಿದುಕೊಂಡಿತು. ಜಿಬೆಕ್.

"ಬೈಬೇಡ ಕಣೇ! ಈಗಷ್ಟೇ ಬೆಟ್ಟ ಇಳಿದೆ. ಚಿಕ್ಕಮ್ಮ ನಿಮ್ಮಲ್ಲಿಗೆ ಹೊರಟೋಳು ಕುದುರೆಯಿಂದ ಬಿದ್ದು ಕಾಲು ಮುರ್ಕೊಂಡಳಂತೆ. ನಿಮ್ಮನೆಗೆ ಬರಲೇ ಇಲ್ವಂತೆ. ಈಗ ಕಳಿಸ್ಲಾ?"

ಬೆಗಾಯಿಂ ಬರಿಗಾಲಲ್ಲೇ ಅಂಗಳಕ್ಕೆ ಬಂದಳು. ಅತ್ತೆ ಹಸುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು.

"ಅತ್ತೆ, ಆ ಬಕ್ಷಿ ಯಾರು?"

ಬಕೀಟಿಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು.

"ಗುಡ್ಡದಾಚೆ ಇರೋ ನನ್ನ ಗೆಳತಿ. ಬಕೀಟಿಗೆ ಕಾಲಿಟ್ಟಿದ್ದು ಅವಳ ಸ್ವಂತ ಬುದ್ಧಿ. ಏನ್ಮಾಡಲಿ ಮಗಳೇ? ನಿನ್ನ ತಾಯಿ ಹೊಲಿದ ರಜಾಯಿನ ಹೊರಗೆ ಹಾಕು ಅಂತ ಅತ್ತೆಯಾಗಿ ನಾನು ಹೇಳಿದ್ರೆ ನಿನ್ನ ಎದೆ ಒಡೀತಿರಲಿಲ್ವಾ?"

ಬೆಗಾಯಿಂ ಬಕೀಟಿಗೆ ಕೈ ಚಾಚಿದಳು. ಅತ್ತೆ ಆ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಹೋಗಿ ಮಲಗು, ಸೂರ್ಯ ಇನ್ನೂ ಹುಟ್ಟಿಲ್ಲ. ಮಿಕ್ಕಿದ್ದೆಲ್ಲ ಡಾಕ್ಟರ್ ಹೇಳಿದ್ದು. ಅದೊಂದು ಮಾತ್ರ ನಾನೇ ಹೇಳಿಕೊಟ್ಟಿದ್ದು."