ಬ್ಯಾರನ್ನಿನೊಳಗಿನ ಅಂಬಾಸಿಡರ್

ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಇದನ್ನು ಓದಿ...

ಮೈಸೂರಿನಲ್ಲಿ ಒಬ್ಬ ವ್ಯಾಪಾರಿ. ಹಳೇ ಕಾರುಗಳೆಂದರೆ ಅವರಿಗೆ ಪ್ರಾಣ.

ಎಲ್ಲೋ ದನದ ಕೊಟ್ಟಿಗೆಯಲ್ಲಿ, ಮುಚ್ಚಿಹೋದ ಮಿಲ್ಲಿನ ಶೆಡ್ಡಿನಲ್ಲಿ, ಸೀಟಿನ ಮೇಲೆ ಕೋಳಿ ಕಾವಿಗೆ ಕೂತ ಕಾರೊಂದು ಇದೆ ಅಂದರೆ ಸಾಕು... ಊಟ ಬಿಟ್ಟು ಓಡುತ್ತಿದ್ದರು. ಕೊಂಡು ತಂದು, ರಿಪೇರಿ ಮಾಡಿಸಿ, ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತಿದ್ದರು.

ಅವರದೊಂದು ಪದ್ಧತಿ ಇತ್ತು.

ಕಾರು ಕಂಡ ಕೂಡಲೇ ಜೇಬಿನಿಂದ ಬಿಳಿ ಬಟ್ಟೆ ತೆಗೆಯುವುದು, ಅದಕ್ಕಿಷ್ಟು ಪಾಲಿಶ್ ಸುರಿಯುವುದು, ಬಾನೆಟ್ ಮೇಲೆ ಅಂಗೈಯಗಲ ಜಾಗವನ್ನು ಗಸಗಸ ಉಜ್ಜುವುದು. ಧೂಳಿನ ಅಡಿಯಿಂದ ಅಸಲಿ ಬಣ್ಣ ಇಣುಕಬೇಕು...

"ಮಲಗಿದ್ದವನಿಗೆ ಮುಖ ತೊಳಿಸಿ ಎಬ್ಬಿಸಿದಂಗೆ!" ಎನ್ನುತ್ತಿದ್ದರು.

ಒಂದು ದಿನ ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಸ್ವಾಮಿಗೌಡ ಎಂಬುವರ ಫೋನ್ ಬಂತು.

"ಸಾ, ನಮ್ಮ ಹೊಗೆಸೊಪ್ಪಿನ ಬ್ಯಾರನ್ನಲ್ಲಿ ಒಂದು ಅಂಬಾಸಿಡರ್ ನಿಂತದೆ. ತೀರ್ಕೊಂಡ ನಮ್ಮಣ್ಣಂದು, ಟ್ಯಾಕ್ಸಿ ಓಡುಸ್ತಿದ್ದ. ಬಂದು ಎತ್ಕಂಡೋಗಿ, ನಂಗೆ ಜಾಗ ಬೇಕು."

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕಟ್ಟಡ. ಅದು ಹಳೆಯದು, ಒಲೆ ಹೊತ್ತಿಸಿ ವರ್ಷಗಳೇ ಆಗಿದ್ದವು. ವ್ಯಾಪಾರಿ ಹೋಗಿ ಬಾಗಿಲು ತೆಗೆಸಿದರೆ ಒಳಗೆಲ್ಲ ಕತ್ತಲೆ, ಸೊಪ್ಪಿನ ಘಾಟು.

ನಡುವೆ ಕಾರು... ಅದರ ಮೇಲೆ ಕಂಬಳಿ ಹೊದಿಸಿದಂತೆ ಧೂಳು.

"ಮನೇಲಿ ಎಲ್ಲರ ಒಪ್ಪಿಗೆ ಇದೆಯಲ್ಲ ಗೌಡ್ರೇ?" ವ್ಯಾಪಾರಿ ಕೇಳಿದರು.

"ನಮ್ಮತ್ತಿಗೆ ಬ್ಯಾಡ ಅಂತಳೆ. ಆದ್ರೆ ನೀವೇ ನೋಡಿ ಸಾ... ಅಷ್ಟು ಪಿರೀತಿ ಇದ್ದಿದ್ರೆ ಒಂದಿನನಾರ ಒರಸ್ತಿರ್ಲಿಲ್ವಾ? ಬರೀ ಹಠ! ಹುಲ್ಲಿಗೋಗವ್ಳೆ, ಬರೋದ್ರೊಳಗೆ ಮಾತು ಮುಗ್ಸಿ."

ವ್ಯಾಪಾರಿಗೂ ಅದು ಸರಿ ಎನಿಸಿತು. ಬಟ್ಟೆ ತೆಗೆದರು, ಪಾಲಿಶ್ ಸುರಿದರು, ಬಾನೆಟ್ ಉಜ್ಜಿದರು.

ಕೆನೆ ಬಣ್ಣ ಫಳಫಳ ಹೊಳೆಯಿತು. ಆದರೆ ಬಟ್ಟೆ ಕೆಂಪಾಗಿತ್ತು.

"ಅಯ್ಯೋ, ತುಕ್ಕು ಹಿಡಿದಿದೆಯಲ್ರೀ! ಗೌಡ್ರೇ, ರೇಟು ಇಳಿಸ್ಬೇಕಾಗುತ್ತೆ..." ಎಂದು ಆ ಬಟ್ಟೆಯನ್ನೇ ಬೆಳಕಿಗೆ ಹಿಡಿದು ತೋರಿಸಿದರು.

"ತುಕ್ಕಾ? ನಮ್ಮಣ್ಣನ ಕಾರಿಗಾ? ಚೌಕಾಸಿಗೆ ಏನಾರ ಒಂದು ಹೇಳ್ತೀರ ಬುಡಿ ಸಾ!"

ಇಬ್ಬರೂ ನಕ್ಕರು.

ಬಾಗಿಲಲ್ಲಿ ದೊಪ್ಪನೆ ಹುಲ್ಲಿನ ಹೊರೆ ಬಿತ್ತು.

ಗೌಡರ ಅತ್ತಿಗೆ ಕೆಂಪಾಜಮ್ಮ. ಕೂಗಲಿಲ್ಲ, ಬಯ್ಯಲಿಲ್ಲ. ನೇರ ಬಾನೆಟ್ಟಿನ ಬಳಿಗೆ ಬಂದು ಬಗ್ಗಿ ನೋಡಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಹೊಳೆಯುವ ಜಾಗದಲ್ಲಿ ಅವರ ಮುಖವೇ ಕಾಣುತ್ತಿತ್ತು...

"ಇಲ್ಲೇ ಇತ್ತಲ್ಲಾ..." ಎಂದರು.

"ಏನಮ್ಮಾ?"

"ನನ್ ಮಗಳು ಮಂಗಳನ ಕೈ."

ವ್ಯಾಪಾರಿಗೆ ಅರ್ಥವಾಗಲಿಲ್ಲ. ಸ್ವಾಮಿಗೌಡರ ಮುಖ ಮಾತ್ರ ಬಿಳಿಚಿಕೊಂಡಿತು. ಕೆಂಪಾಜಮ್ಮ ವ್ಯಾಪಾರಿಯ ಕಡೆ ತಿರುಗಿದರು.

"ಆಯುಧಪೂಜೆ ದಿನ ಸಾ... ಅವರಪ್ಪ ಕಾರು ತೊಳ್ದು, ಎಣ್ಣೇಲಿ ಕುಂಕುಮ ಕಲಸಿ ಬೊಟ್ಟಿಡ್ತಿದ್ರು. ಇವಳು ಬಟ್ಲಿಗೇ ಕೈ ಅದ್ದಿ, ಬಂದು ಪಟ್ ಅಂತ ಒತ್ಬುಟ್ಳು. 'ಅಪ್ಪಾ, ಇದು ನನ್ನ ಕಾರು' ಅಂತ! ಒರಸ್ಬೇಕಂತಿದ್ರು ಅವರಪ್ಪ, ನಾನೇ ಬ್ಯಾಡ ಅಂದೆ..."

ಸೆರಗಿನಿಂದ ಬಾಯಿ ಒತ್ತಿಕೊಂಡು ಮತ್ತೆ ಹೇಳಿದರು.

"ದೀಪಾವಳಿಗೆ ಮಗು ಇರ್ಲಿಲ್ಲ. ಅದೇನೋ ಜ್ವರ. ಈ ಕಾರಲ್ಲೇ ಆಸ್ಪತ್ರೆಗೆ ಹೋಗಿದ್ದು... ಆಮ್ಯಾಕೆ ಅವ್ರು ಇದನ್ನ ಇಲ್ಲಿ ತಂದು ನಿಲ್ಸುದ್ರು. ಕೀ ಮುಟ್ಲಿಲ್ಲ. ಹೋದ್ ವರ್ಷ ಅವ್ರೂ ಹೋದ್ರು."

"ಅತ್ತಿಗೆ... ಅದು ಇನ್ನೂ ಅದೆ ಅಂತ ನಂಗೊತ್ತಿರ್ಲಿಲ್ಲ ಕಣವ್ವ," ಎಂದರು ಸ್ವಾಮಿಗೌಡರು. "ಯಾವತ್ತೂ ಒರಸ್ದೇ ಬುಟ್ಟಿದ್ರಲ್ಲ..."

"ಒರಸಿದ್ರೆ ಹೋಗ್ಬುಡ್ತದಲ್ಲಪ್ಪ! ಧೂಳು ಅದಕ್ಕೆ ಹೊದಿಕೆ ಆಗಿತ್ತು. ಹಬ್ಬದ ದಿನ ಬಂದು, ಅದರ ಮ್ಯಾಗಡೆ ನನ್ ಕೈ ಹಿಡ್ಕಂಡು ನಿಂತ್ಕತಿದ್ದೆ... ಮುಟ್ದಂಗೆ. ಮುಟ್ಟಿದ್ರೆ ನನ್ ಕೈಗೇ ಬಂದ್ಬುಡ್ತದೆ ಅಂತ ಭಯ."

ವ್ಯಾಪಾರಿ ಬಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಏನಾದರೂ ಹೇಳಲೇಬೇಕು ಎಂದು, "ಮಗೂದು ಫೋಟೋ ಇರಬೇಕಲ್ಲಮ್ಮಾ..." ಎಂದರು.

"ಅದೆ ಸಾ. ಫೋಟೋದಲ್ಲಿ ಮುಖ ಅದೆ... ಕೈ ಇಲ್ಲ."



ಕೆಂಪಾಜಮ್ಮ ವ್ಯಾಪಾರಿಯ ಮುಂದೆ ಕೈ ಚಾಚಿದರು.

"ಆ ಬಟ್ಟೆ ಕೊಡ್ತೀರಾ ಸಾ?"

ವ್ಯಾಪಾರಿ ಮುಷ್ಟಿ ಬಿಚ್ಚಿದರು. ತುಕ್ಕು ಎಂದು ತೋರಿಸಿದ್ದ ಬಟ್ಟೆ ಮುದ್ದೆಯಾಗಿ ಬೆವರಿನಲ್ಲಿ ನೆನೆದಿತ್ತು.

ಕೆಂಪಾಜಮ್ಮ ಅದನ್ನು ಬಾನೆಟ್ ಮೇಲೆ ಹರವಿ, ಮೆಲ್ಲಗೆ ಸುಕ್ಕು ತೀಡಿದರು. ಬೆರಳು ಎಲ್ಲಾದರೂ ಕಾಣಬಹುದೇ ಎಂದು ಹುಡುಕಿದರು... ಬರೀ ಕೆಂಪು.

ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಇಷ್ಟು ವರ್ಷ ಮುಟ್ಟಲು ಹೆದರಿದ್ದನ್ನು ಈಗ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತರು.

"ನಿಮ್ಗೆ ಗೊತ್ತಿರ್ಲಿಲ್ಲ, ಬುಡಿ ಸಾ," ಎಂದರು. "ಬಿಸ್ಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡ್ದೋಗಿ."

ಆ ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ. ಬಯ್ದಿದ್ದರೆ ಇಳಿಯುತ್ತಿತ್ತೇನೋ...

ಕಾರು ಈಗಲೂ ಅಲ್ಲೇ ಇದೆ. ಸ್ವಾಮಿಗೌಡರು ಜಾಗ ಕೇಳುವುದನ್ನು ಬಿಟ್ಟಿದ್ದಾರೆ. ಬಾನೆಟ್ಟಿನ ಆ ಅಂಗೈಯಗಲದ ಮೇಲೂ ಮತ್ತೆ ಧೂಳು ಕೂತಿದೆ. ಅದರಡಿಯಲ್ಲಿ ಈಗ ಏನೂ ಇಲ್ಲ.

ವ್ಯಾಪಾರಿ ಇವತ್ತಿಗೂ ಹಳೇ ಕಾರು ಹುಡುಕುತ್ತಾರೆ. ಆದರೆ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಶೆಡ್ಡಿನೊಳಗೆ ಕಾಲಿಡುತ್ತಾರೆ. ಮನೆಯ ಹೆಂಗಸರನ್ನು ಕರೆಸಿ ಮೊದಲು ಕೇಳುತ್ತಾರೆ... "ಅಮ್ಮಾ, ಇದನ್ನ ಮುಟ್ಟಬಹುದಾ?"

ಧೂಳು ಕೂತಿದೆ ಎಂದರೆ ಮರೆತಿದ್ದಾರೆ ಎಂದಲ್ಲ... ಮುಟ್ಟಲು ಧೈರ್ಯ ಸಾಲದೆಯೂ ಇರಬಹುದು.

ನಿಮ್ಮವರು ಹಾಗೇ ಬಿಟ್ಟಿರುವ ಯಾವುದೋ ಒಂದನ್ನು "ಇದು ಯಾಕೆ ಇನ್ನೂ ಇಲ್ಲಿದೆ" ಎಂದು ಎತ್ತಿ ಎಸೆಯುವ ಮುನ್ನ, ಅವರನ್ನು ಒಂದು ಮಾತು ಕೇಳಿದ್ದೀರಾ?